ನಳದ ನೀರು ಬಂದ ದಿನ ಆರ್ಕಿಡ್‌ಗೂ ಜಳಕ

ನನ್ನ ಮೊದಲ ಆರ್ಕಿಡ್ ಬದುಕಿದ್ದು ಒಂದು ತಿಂಗಳೂ ಇಲ್ಲ. ಧಾರವಾಡದ ಕೃಷಿ ಮೇಳದಲ್ಲಿ ಕೊಂಡು, ಚಿಗರಿ ಬಸ್ಸಿನಲ್ಲಿ ಕೂಸಿನ ಹಾಗೆ ತೊಡೆ ಮೇಲೆ ಇಟ್ಟುಕೊಂಡು ಹುಬ್ಬಳ್ಳಿ ನವನಗರದ ಮನೆಗೆ ತಂದಿದ್ದೆ. ಫಲೆನಾಪ್ಸಿಸ್ ಅನ್ನೋ ಜಾತಿಯ ಆರ್ಕಿಡ್, ನೇರಳೆ ಹೂವಿನದು. ಕುಂಡದಲ್ಲಿ ಮಣ್ಣೇ ಇಲ್ಲವಲ್ಲ ಪಾಪ ಅನಿಸಿ, ಎರೆಮಣ್ಣಿಗೆ ಸಗಣಿ ಗೊಬ್ಬರ ಬೆರೆಸಿ ನೆಟ್ಟೆ, ದಿನಾ ಬೆಳಿಗ್ಗೆ ಒಂದು ತಂಬಿಗೆ ನೀರು. ಎಲೆ ಹಳದಿ ಆಯಿತು. ನೀರು ಸಾಲುತ್ತಿಲ್ಲ ಅಂದುಕೊಂಡು ಸಂಜೆಯೂ ಹಾಕಿದೆ! ಒಂದಿನ ಎಲೆ ಹಿಡಿದು ಎತ್ತಿದರೆ ಗಿಡ ಹಾಗೇ ಕೈಗೆ ಬಂತು. ಬೇರು ಪೂರ್ತಿ ಕೊಳೆತು ದಾರದ ಎಳೆಯಷ್ಟೇ ಉಳಿದಿತ್ತು.

ದಾಂಡೇಲಿ ಕಡೆ ಹೋದವರು ಮರದ ಕೊಂಬೆಯಿಂದ ಜೋತುಬಿದ್ದ ಸೀತಾಳೆ ದಂಡೆ ನೋಡಿರ್ತೀರಿ, ಅದೂ ಆರ್ಕಿಡ್ಡೇ. ತೊಗಟೆಗೆ ಅಂಟಿಕೊಂಡು ಬೇರನ್ನು ಗಾಳಿಗೆ ಬಿಟ್ಟಿರುತ್ತೆ, ಮಳೆ ಬಂದಾಗ ಹೀರಿಕೊಂಡು ಆಮೇಲೆ ಒಣಗುತ್ತೆ. ಫಲೆನಾಪ್ಸಿಸ್ ಬಾಳುವೆಯೂ ಹಾಗೇ. ಅಂಥದ್ದನ್ನು ನಾನು ಹೊಲದ ಮಣ್ಣಲ್ಲಿ ಹೂತಿದ್ದೆ.

ಎರಡನೆಯದನ್ನು ಒಂದು ನರ್ಸರಿಯಿಂದ ತಂದೆ. ಈ ಸಲ ಮೊದಲು ಕುಂಡದಿಂದ ಬಿಡಿಸಿ ನೋಡಿದೆ. ಬೇರುಗಳ ನಡುವೆ ಒದ್ದೆ ಪಾಚಿಯ (ಮಾಸ್) ಗಟ್ಟಿ ಉಂಡೆ. ಮೇಲೆ ಒಣಗಿದಂತೆ ಕಾಣುತ್ತಿತ್ತು, ಒಳಗೆ ಹಿಂಡಿದರೆ ನೀರು. ಅದನ್ನು ಎಳೆಎಳೆಯಾಗಿ ಬಿಡಿಸಿ ತೆಗೆದೆ. ಕತ್ತರಿಯನ್ನು ಗ್ಯಾಸ್ ಉರಿಗೆ ಹಿಡಿದು, ಆರಿದ ಮೇಲೆ, ಒತ್ತಿದರೆ ಮೆತ್ತಗಾಗುವ ಕಂದು ಬೇರು ಕತ್ತರಿಸಿ, ಕತ್ತರಿಸಿದ ತುದಿಗೆ ಮಾತ್ರ ದಾಲ್ಚಿನ್ನಿ ಪುಡಿ ಹಚ್ಚಿದೆ. ಗಟ್ಟಿ ಬೇರು ಮುಟ್ಟಲಿಲ್ಲ. ಕುಂಡಕ್ಕೆ ಪಕ್ಕದಲ್ಲೂ ತೂತು ಬೇಕು. ಒಳಗೆ ಇಸ್ತ್ರಿ ಅಂಗಡಿಯಿಂದ ತಂದ ಇದ್ದಿಲು (ಬೂದಿ ತೊಳೆದು), ರಾತ್ರಿಯಿಡೀ ನೆನೆಸಿದ ಇಟ್ಟಿಗೆ ಚೂರು, ತೆಂಗಿನ ಸಿಪ್ಪೆಯ ತುಂಡು. ಅಷ್ಟೇ.

ಅತ್ತಿ ನೋಡಿ, "ಮಣ್ಣಿಲ್ಲದ ಗಿಡಾ ಎಲ್ಲ್ಯಾರ ಬದುಕತೈತೇನ?" ಅಂದರು.

ನೀರಿಗೆ ಲೆಕ್ಕ ಬೇರು ಹೇಳುತ್ತೆ, ಕ್ಯಾಲೆಂಡರ್ ಅಲ್ಲ. ಒಣಗಿದಾಗ ಬೇರು ಬೆಳ್ಳಿ ಬಣ್ಣ, ನೀರು ಕುಡಿದ ಕೂಡಲೇ ಹಸಿರು, ಕಣ್ಣೆದುರೇ ಬಣ್ಣ ಬದಲಾಗುತ್ತೆ, ನೋಡೋಕೆ ಮಜಾ. ಮೊದಲು ಬೋರ್ ನೀರು ಹಾಕುತ್ತಿದ್ದೆ, ಇದ್ದಿಲ ಮೇಲೆ ಉಪ್ಪಿನಂಥ ಬಿಳಿ ಪದರ ಕಟ್ಟಿತು. ಈಗ ನಳದ ನೀರೇ. ನಮ್ಮಲ್ಲಿ ಅದು ದಿನಾ ಎಲ್ಲಿ ಬರುತ್ತೆ! ಹೀಗಾಗಿ ನಳ ಬಂದ ದಿನ ಕುಂಡವನ್ನು ಬಕೆಟ್‌ನಲ್ಲಿ ಹತ್ತು ನಿಮಿಷ ಮುಳುಗಿಸಿ, ನೀರು ಪೂರ್ತಿ ಸೋರಿದ ಮೇಲೆ ಒಳಗಿಡುತ್ತೇನೆ. ಮಳೆಗಾಲಕ್ಕೆ ಅಷ್ಟೇ ಸಾಕು, ಕೆಲವೊಮ್ಮೆ ಅದೂ ಜಾಸ್ತಿ. ಏಪ್ರಿಲ್-ಮೇ ಬಿಸಿಲಿಗೆ ಮಾತ್ರ ನಡುನಡುವೆ ಕೂಡಿಟ್ಟ ನೀರು. ಎಲೆ ಬುಡದ ಸಂದಿಯಲ್ಲಿ ನೀರು ನಿಂತರೆ ಅರಿವೆಯಿಂದ ಒರೆಸಿ, ಅಲ್ಲಿಂದಲೇ ಕೊಳೆ ಶುರು.

ಗೊಬ್ಬರ ಅಂದರೆ ಎರಡು ವಾರಕ್ಕೊಮ್ಮೆ 19:19:19 (ಸಾರಜನಕ, ರಂಜಕ, ಪೊಟ್ಯಾಶ್ ಸಮಪಾಲು ಇರೋದು), ಲೀಟರ್ ನೀರಿಗೆ ಅರ್ಧ ಗ್ರಾಂ. ಜಾಗ ಮೂಡಣ ಕಿಟಕಿ. ಪಡುವಣ ಬಾಲ್ಕನಿಯಲ್ಲಿ ಒಂದೇ ಮಧ್ಯಾಹ್ನ ಮರೆತಿದ್ದಕ್ಕೆ ಎಲೆ ಮೇಲೆ ಎಂಟಾಣೆಯಷ್ಟು ಬಿಳಿ ಸುಟ್ಟ ಗುರುತು, ಅದು ಇವತ್ತಿಗೂ ಇದೆ.

ಹೂ ಮಾತ್ರ ಒಂದೂವರೆ ವರ್ಷ ಇಲ್ಲ. ಎಲೆ ಮೇಲೆ ಎಲೆ ಬಿಡುತ್ತಿತ್ತು, ಅಷ್ಟೇ. ಇದಕ್ಕೆ ಕೆಲವು ವಾರ ರಾತ್ರಿ ತಂಪು ಬೇಕು ಅಂತ ಆಮೇಲೆ ಗೊತ್ತಾಯಿತು. ನಾನು ಥಂಡಿ ಆದೀತು ಅಂತ ಚಳಿಗಾಲದಲ್ಲಿ ಕಿಟಕಿ ಮುಚ್ಚಿ ಜೋಪಾನ ಮಾಡುತ್ತಿದ್ದೆ! ಮುಂದಿನ ನವೆಂಬರ್‌ನಲ್ಲಿ ರಾತ್ರಿ ಕಿಟಕಿ ತೆರೆದೇ ಇಟ್ಟೆ. ಡಿಸೆಂಬರ್ ಕೊನೆಗೆ ಎಲೆ ಸಂದಿಯಿಂದ ಒಂದು ಹಸಿರು ಮೊಳಕೆ. ಹೊಸ ಬೇರು ಇರಬೇಕು ಅಂದುಕೊಂಡೆ. ಬೇರಿನ ತುದಿ ನುಣ್ಣಗೆ, ದುಂಡಗೆ ಇರುತ್ತೆ. ಇದು ಚಪ್ಪಟೆ, ಕೂಸಿನ ಕೈಗವಸಿನ ಹಾಗೆ ಒಂದು ಕಡೆ ಸಣ್ಣ ಹೆಬ್ಬೆರಳು. ಹೂದಂಡು!

ಮಾರ್ಚ್ ಕೊನೆಗೆ ಮೊದಲ ಹೂ ಅರಳಿತು. ಏಳು ಮೊಗ್ಗಲ್ಲಿ ನಾಲ್ಕು ಅರಳಿದ್ದವು, ಅಷ್ಟರಲ್ಲಿ ಊರಿಂದ ಆಪೂಸ್ ಬುಟ್ಟಿ ಬಂತು, ಅದೇ ಕೋಣೆಯಲ್ಲಿ ಹುಲ್ಲು ಹಾಸಿ ಹಣ್ಣಿಗೆ ಇಟ್ಟೆವು. ವಾರದೊಳಗೆ ಉಳಿದ ಮೂರು ಮೊಗ್ಗು ಹಳದಿಯಾಗಿ ಉದುರಿದವು. ಹಣ್ಣಾಗುವ ಮಾವು ಎಥಿಲೀನ್ ಅನ್ನೋ ಅನಿಲ ಬಿಡುತ್ತೆ, ಮೊಗ್ಗಿಗೆ ಅದು ಆಗದು. ಬುಟ್ಟಿ ಹಿತ್ತಲ ಕೋಣೆಗೆ ಹೋಯಿತು. ಅರಳಿದ ನಾಲ್ಕರಲ್ಲಿ ಎರಡು ಜೂನ್‌ವರೆಗೂ ನಿಂತವು.

ಹೂ ಮುಗಿದ ಮೇಲೆ ದಂಡನ್ನು ಬುಡದಿಂದ ಕತ್ತರಿಸಲಿಲ್ಲ. ಕೆಳಗಿನ ಎರಡು ಗೆಣ್ಣು ಬಿಟ್ಟು ಮೇಲೆ ಕತ್ತರಿಸಿದ್ದೇನೆ, ಅಲ್ಲಿಂದ ಇನ್ನೊಂದು ಕವಲು ಬಂದರೂ ಬರಬಹುದು. ಅತ್ತಿ ಈಗ ನಳ ಬಂದ ಕೂಡಲೇ ಒಳಗಿಂದಲೇ ಕೂಗುತ್ತಾರೆ, "ನಿನ್ನ ಗಿಡದ ಜಳಕ ಮುಗೀತೇನ? ಬಕೆಟ್ ಬೇಕಾಗೈತಿ."