ಫೀಸೇ ಇಲ್ಲದ ಕೋರ್ಸಿಗೆ ಹದಿಮೂರು ಲಕ್ಷ ಹೊಂದಿಸಿದ ನನ್ನ ಅನುಭವ

ತಿಪಟೂರು ಬಿಟ್ಟು ಜರ್ಮನಿಯ ಡ್ರೆಸ್ಡೆನ್‌ಗೆ ಬಂದು ಎರಡು ವರ್ಷ ಆಯ್ತು, ಮೊನ್ನೆ ಮಾಸ್ಟರ್ಸ್ ಥೀಸಿಸ್ ಒಪ್ಪಿಸ್ದೆ. ಊರಿಂದ ವಾರಕ್ಕೆ ಒಬ್ಬರಾದ್ರೂ ವಾಟ್ಸಾಪಲ್ಲಿ ಕೇಳ್ತಾನೇ ಇರ್ತಾರೆ, "ಅಕ್ಕ, ಅಲ್ಲಿ ಓದೋದು ಫ್ರೀ ಅಂತಲ್ಲ, ನಿಮಗೆ ಸ್ಕಾಲರ್‌ಶಿಪ್ ಹೆಂಗೆ ಸಿಕ್ತು?" ಅಂತ. ಒಬ್ಬೊಬ್ಬರಿಗೂ ವಾಯ್ಸ್ ಮೆಸೇಜ್ ಕಳ್ಸಿ ಕಳ್ಸಿ ಅರ್ಧ ವಿಷಯ ಬಿಟ್ಟುಹೋಗುತ್ತೆ, ಅದಕ್ಕೆ ನಡೆದಿದ್ದು ನಡೆದ ಹಾಗೆ ಇಲ್ಲಿ ಬರೀತಿದೀನಿ, ದುಡ್ಡಿನ ಲೆಕ್ಕ ಸಮೇತ.

ನಮ್ಮದು ತೆಂಗಿನ ತೋಟ, ಅಪ್ಪ ಕೊಬ್ಬರಿ ಮಾರಿ ಬಂದಿದ್ರಲ್ಲೇ ಮನೆ ನಡೆಸೋರು. ನಾನು ತುಮಕೂರಲ್ಲಿ ಸಿವಿಲ್ ಮುಗಿಸಿದ್ದು 2019ರಲ್ಲಿ, ಆಮೇಲೆ ಚಿಕ್ಕನಾಯಕನಹಳ್ಳಿ ಕಡೆ ಹಳ್ಳಿಗಳಿಗೆ ನೀರಿನ ಪೈಪ್‌ಲೈನ್ ಹಾಕೋ ಒಬ್ಬ ಕಂಟ್ರಾಕ್ಟರ್ ಹತ್ರ ಸೈಟ್ ಇಂಜಿನಿಯರ್ ಆಗಿ ಸೇರ್ಕೊಂಡೆ. ಸಂಬಳ 22 ಸಾವಿರ. ವಿದೇಶಕ್ಕೆ ಹೋಗೋ ಯೋಚನೆ ಬಂದಾಗ ಮೊದಲು ಹೋಗಿದ್ದು ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಗೆ. ಅವರು ಒಂದೂವರೆ ಲಕ್ಷ ಸರ್ವಿಸ್ ಚಾರ್ಜ್ ಕೇಳಿದ್ರು, ತೋರಿಸಿದ್ದೆಲ್ಲಾ ಪ್ರೈವೇಟ್ ಯೂನಿವರ್ಸಿಟಿಗಳನ್ನೇ, ಒಂದಕ್ಕೂ ವರ್ಷಕ್ಕೆ ಹತ್ತು ಲಕ್ಷಕ್ಕಿಂತ ಕಮ್ಮಿ ಇರ್ಲಿಲ್ಲ. ಸರ್ಕಾರಿ ಯೂನಿವರ್ಸಿಟಿ ಬಗ್ಗೆ ಕೇಳಿದ್ರೆ "ಅಲ್ಲೆಲ್ಲಾ ಸೀಟ್ ಸಿಗಲ್ಲ ಮೇಡಂ" ಅಂದ್ರು. ಅವತ್ತು ವಾಪಸ್ ಬರ್ತಾ ಟ್ರೈನಲ್ಲೇ ಕೂತು ಡ್ರೆಸ್ಡೆನ್ ಟೆಕ್ನಿಕಲ್ ಯೂನಿವರ್ಸಿಟಿಯ ಹೈಡ್ರೋ ಸೈನ್ಸ್ ಅಂಡ್ ಇಂಜಿನಿಯರಿಂಗ್ ಕೋರ್ಸಿನ ಪೇಜ್ ಪೂರ್ತಿ ಓದ್ದೆ. ಇಂಗ್ಲಿಷಲ್ಲಿ ಕಲಿಸೋ ಕೋರ್ಸು, ಟ್ಯೂಶನ್ ಫೀಸ್ ಇಲ್ಲ, ಸೆಮಿಸ್ಟರಿಗೆ ಮುನ್ನೂರು ಯೂರೋ ಆಸುಪಾಸು ಕಟ್ಟಿದ್ರೆ ಬಸ್ಸು ಟ್ರಾಮ್ ಪಾಸೂ ಅದರಲ್ಲೇ ಬರುತ್ತೆ.

ಆದ್ರೆ ಫ್ರೀ ಅನ್ನೋ ಮಾತು ಹೇಳೋವಾಗ ಹುಷಾರಾಗಿರಿ. ಎಲ್ಲಾ ರಾಜ್ಯದಲ್ಲೂ ಫ್ರೀ ಅಲ್ಲ, ಬಾಡನ್-ವುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ, ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿ 2024ರ ಚಳಿಗಾಲದ ಸೆಮಿಸ್ಟರಿಂದ ಮಾಸ್ಟರ್ಸ್‌ಗೆ 4,000ದಿಂದ 6,000 ಯೂರೋ ಮಾಡಿದೆ, ಅದೂ ಒಂದು ಸೆಮಿಸ್ಟರಿಗೆ. ಫೀಸ್ ಇಲ್ಲದ ಕಡೆನೂ ವೀಸಾಗೆ ಬ್ಲಾಕ್ಡ್ ಅಕೌಂಟ್ ಅಂತ ಒಂದಿದೆ. ಒಂದು ವರ್ಷದ ಊಟ ಬಾಡಿಗೆ ಖರ್ಚು ಪೂರ್ತಿ ಮೊದಲೇ ಅಲ್ಲಿನ ಅಕೌಂಟಿಗೆ ಹಾಕಿರ್ಬೇಕು, ಅಲ್ಲಿಗೆ ಹೋದ್ಮೇಲೆ ಅವರು ತಿಂಗಳು ತಿಂಗಳು ಬಿಡ್ತಾರೆ. ನಾನು ಹೋಗೋವಾಗ 11,208 ಯೂರೋ ಇತ್ತು, ಆಗಿನ ರೇಟಲ್ಲಿ ಹತ್ತು ಲಕ್ಷದ ಮೇಲೆ. 2024ರ ಸೆಪ್ಟೆಂಬರಿಂದ 11,904 ಆಗಿದೆ, ಅಂದ್ರೆ ತಿಂಗಳಿಗೆ 992. ದುಡ್ಡು ನಿಮ್ಮದೇ, ನಿಮಗೇ ವಾಪಸ್ ಬರುತ್ತೆ, ಆದ್ರೆ ಒಂದೇ ಸಲ ಹತ್ತು ಲಕ್ಷ ತೋರಿಸ್ಬೇಕಲ್ಲ, ಕೊಬ್ಬರಿ ಮಾರೋ ಮನೇಲಿ ಅದೆಲ್ಲಿಂದ ಬರ್ಬೇಕು?

ಹಂಗಾಗಿ ಮೊದಲು ಡಾಡ್ (DAAD) ಸ್ಕಾಲರ್‌ಶಿಪ್‌ಗೆ ಹಾಕ್ದೆ. ಇದು ಜರ್ಮನ್ ಸರ್ಕಾರದ ದುಡ್ಡಲ್ಲಿ ನಡೆಯೋದು, ಅದರಲ್ಲಿ ಎಪೋಸ್ (EPOS) ಅಂತ ಒಂದು ವಿಭಾಗ ಇದೆ, ನಮ್ಮಂಥ ದೇಶಗಳಿಂದ ಕೆಲಸ ಮಾಡಿ ಅನುಭವ ಇರೋರಿಗೆ ಅಂತಲೇ ಇರೋದು. ಡಿಗ್ರಿ ಆದ್ಮೇಲೆ ಕನಿಷ್ಠ ಎರಡು ವರ್ಷ ಕೆಲಸ ಮಾಡಿರ್ಬೇಕು, ಕೊನೇ ಡಿಗ್ರಿ ಆರು ವರ್ಷಕ್ಕಿಂತ ಹಳೇದಾಗಿರ್ಬಾರದು, ಅರ್ಜಿ ಆಯಾ ಕೋರ್ಸಿನವರಿಗೇ ನೇರವಾಗಿ ಕಳಿಸ್ಬೇಕು. ಸಿಕ್ಕಿದ್ರೆ ಆಗ ತಿಂಗಳಿಗೆ 861 ಯೂರೋ ಇತ್ತು, ಆಮೇಲೆ 992ಕ್ಕೆ ಏರಿತು, ಜೊತೆಗೆ ಇನ್ಶೂರೆನ್ಸ್, ವಿಮಾನದ ಖರ್ಚಿಗೂ ಒಂದಷ್ಟು. 2021ರಲ್ಲಿ ಹಾಕ್ದೆ, 2022ರಲ್ಲಿ ಇಲ್ಲ ಅಂತ ಮೇಲ್ ಬಂತು.

ತುಂಬಾ ಅತ್ತೆ, ನಿಜ ಹೇಳ್ತೀನಿ. ಯಾಕೆ ಆಗ್ಲಿಲ್ಲ ಅಂತ ಮೇಲಲ್ಲಿ ಬರೆದಿರ್ಲಿಲ್ಲ. ಆದ್ರೆ ಎರಡು ತಿಂಗಳು ಬಿಟ್ಟು ನನ್ನ ಫೈಲ್ ನಾನೇ ತೆಗೆದು ಓದಿದಾಗ ಎದ್ದು ಕಾಣ್ತಿತ್ತು. ಕಂಪನಿಯಿಂದ ತಗೊಂಡ ಪತ್ರಕ್ಕೆ ಲೆಟರ್‌ಹೆಡ್ ಇತ್ತು, ಸಹಿ ಇತ್ತು, ಸೀಲೂ ಇಲ್ಲ ತಾರೀಕೂ ಇಲ್ಲ, ಅವರು ನಿಯಮದಲ್ಲಿ ನಾಲ್ಕೂ ಬೇಕು ಅಂತ ಸ್ಪಷ್ಟವಾಗಿ ಹೇಳಿರ್ತಾರೆ. ಅದಕ್ಕಿಂತ ದೊಡ್ಡ ತಪ್ಪು ಮೋಟಿವೇಶನ್ ಲೆಟರ್. "ಚಿಕ್ಕಂದಿನಿಂದ ನನಗೆ ನೀರಿನ ವಿಷಯದಲ್ಲಿ ಆಸಕ್ತಿ, ಜರ್ಮನಿ ತಂತ್ರಜ್ಞಾನದಲ್ಲಿ ಮುಂದುವರೆದ ದೇಶ" ಅಂತ ಶುರು ಮಾಡಿದ್ದೆ. ಎರಡು ಪುಟ ಇದೇ ಥರ. ಅದನ್ನ ತಿಪಟೂರಿನವಳೇ ಬರೀಬೇಕು ಅಂತೇನೂ ಇರ್ಲಿಲ್ಲ, ಯಾರು ಬೇಕಾದ್ರೂ ಬರೀಬಹುದಿತ್ತು.

ಎರಡನೇ ಸಲ ಬರೆಯೋವಾಗ ನಾನು ಕಣ್ಣಾರೆ ಕಂಡ ಒಂದು ಹಳ್ಳಿ ಇಟ್ಕೊಂಡು ಶುರು ಮಾಡ್ದೆ. ಆ ಊರಲ್ಲಿ ನಾವು ಪೈಪ್ ಹಾಕಿದ್ವಿ, ಮನೆ ಮನೆಗೆ ನಲ್ಲಿ ಕೂರಿಸಿದ್ವಿ, ತಲೆಗೆ ದಿನಕ್ಕೆ 55 ಲೀಟರ್ ಅಂತ ಲೆಕ್ಕ ಹಾಕಿ ಟ್ಯಾಂಕ್ ಕಟ್ಟಿದ್ವಿ. ಬೇಸಿಗೆ ಬಂತು, ಟ್ಯಾಂಕಿಗೆ ನೀರು ಏರಿಸ್ತಿದ್ದ ಬೋರ್ ಬತ್ತಿಹೋಯ್ತು. ಒಬ್ಬ ಅಜ್ಜಿ ನಲ್ಲಿ ತಿರುಗಿಸಿ ತೋರಿಸಿ "ಬಂಗಾರದಂಗೆ ಕೂರ್ಸಿದೀರ ಕಣವ್ವ, ನೀರೆಲ್ಲಿ?" ಅಂತ ಕೇಳಿದ್ದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ, ಯಾಕಂದ್ರೆ ನನಗೆ ಪೈಪಿನ ವ್ಯಾಸ ಲೆಕ್ಕ ಹಾಕೋಕೆ ಬರ್ತಿತ್ತೇ ಹೊರತು ನೆಲದಡಿ ಎಷ್ಟು ನೀರು ಸೇರುತ್ತೆ ಎಷ್ಟು ತೆಗೀಬಹುದು ಅನ್ನೋ ಲೆಕ್ಕ ಗೊತ್ತಿರ್ಲಿಲ್ಲ. ಆ ಲೆಕ್ಕ ಕಲಿಯೋಕೆ ಬರ್ತಿದೀನಿ, ಈ ಕೋರ್ಸಿನ ಅಂತರ್ಜಲದ ಇಂತಿಂಥ ಪೇಪರ್ ಅದಕ್ಕೆ ಬೇಕು, ಅಂತ ಬರ್ದೆ. ಇದೇ ಪತ್ರವನ್ನ ಸ್ವಲ್ಪ ಸ್ವಲ್ಪ ಬದಲಾಯಿಸಿ ಮುಂದೆ ಮೂರು ಕಡೆ ಬಳಸ್ದೆ, ಮೂರರಲ್ಲೂ ಆಯ್ತು.

2022ರ ನವೆಂಬರಿಂದ ಜರ್ಮನಿ ವೀಸಾಗೆ ಎಪಿಎಸ್ ಸರ್ಟಿಫಿಕೇಟ್ ಕಡ್ಡಾಯ ಮಾಡಿದ್ರು, ಅಂದ್ರೆ ನಿಮ್ಮ ಮಾರ್ಕ್ಸ್ ಕಾರ್ಡ್ ಡಿಗ್ರಿ ಎಲ್ಲಾ ಅಸಲಿನಾ ಅಂತ ದೆಹಲಿಯಲ್ಲಿ ಪರಿಶೀಲನೆ ಮಾಡೋದು, ಫೀಸು 18,000. ಯೂನಿವರ್ಸಿಟಿಗಳ ಪರವಾಗಿ ಅರ್ಜಿ ತಗೊಂಡು ನೋಡೋ ಯೂನಿ-ಅಸಿಸ್ಟ್ ಅನ್ನೋ ಸಂಸ್ಥೆಗೆ ಮೊದಲನೇ ಕೋರ್ಸಿಗೆ 75 ಯೂರೋ, ಆಮೇಲಿನ ಒಂದೊಂದಕ್ಕೆ 30. ಇವೆಲ್ಲಾ ಸೀಟ್ ಸಿಗೋಕೆ ಮುಂಚೆ ಹೋಗೋ ದುಡ್ಡು, ಯಾವ ಸ್ಕಾಲರ್‌ಶಿಪ್ಪೂ ಇದನ್ನ ಕೊಡಲ್ಲ, ಹಾಗಾಗಿ ಐವತ್ತು ಸಾವಿರನಾದ್ರೂ ಬೇರೆ ಎತ್ತಿಟ್ಕೊಳ್ಳಿ.

ಅದೇ ಹೊತ್ತಲ್ಲಿ ಜೆ ಎನ್ ಟಾಟಾ ಎಂಡೋಮೆಂಟ್‌ಗೆ ಹಾಕ್ದೆ. 1892ರಲ್ಲಿ ಜಮ್ಷೆಡ್‌ಜಿ ಟಾಟಾ ಶುರು ಮಾಡಿದ್ದು ಇದು, ನಮ್ಮ ತಿಪಟೂರಲ್ಲಿ ಹುಟ್ಟಿದ ಅಣು ವಿಜ್ಞಾನಿ ರಾಜಾ ರಾಮಣ್ಣ ಅವರು ಲಂಡನ್ನಿಗೆ ಹೋಗಿ ಓದಿದ್ದು ಇದರ ನೆರವಿಂದಲೇ ಅಂತ ಗೊತ್ತಾದಾಗ ಮೈ ಜುಮ್ ಅಂತು. ಇದು ಲೋನ್ ಸ್ಕಾಲರ್‌ಶಿಪ್, ಅಂದ್ರೆ ತೀರಿಸ್ಬೇಕು, 10 ಲಕ್ಷದವರೆಗೆ ಕೊಡ್ತಾರೆ, ಅಡಮಾನಕ್ಕೆ ಆಸ್ತಿ ಕೇಳಲ್ಲ. ವರ್ಷದ ಶುರುವಿನ ತಿಂಗಳುಗಳಲ್ಲಿ ಅರ್ಜಿ ಕರೀತಾರೆ, ಸೀಟ್ ಕೈಗೆ ಬರೋ ತನಕ ಕಾಯ್ಕೊಂಡು ಕೂತ್ರೆ ಕೊನೇ ತಾರೀಕು ದಾಟಿಹೋಗಿರುತ್ತೆ. ನನ್ನ ಗೆಳತಿ ಒಬ್ಬಳಿಗೆ ನನಗಿಂತ ಒಳ್ಳೇ ಮಾರ್ಕ್ಸ್ ಇತ್ತು, "ಅಡ್ಮಿಶನ್ ಬರ್ಲಿ ಆಮೇಲೆ ನೋಡೋಣ" ಅಂತ ಬಿಟ್ಟಳು, ಜೂನಲ್ಲಿ ಅಡ್ಮಿಶನ್ ಬಂತು, ಹಾಕೋಕೆ ಒಂದೂ ಉಳಿದಿರ್ಲಿಲ್ಲ. ಇಂಟರ್ವ್ಯೂನಲ್ಲಿ ನನಗೆ ಜಾಸ್ತಿ ಕೇಳಿದ್ದು ಆ ಬತ್ತಿದ ಬೋರಿನ ಬಗ್ಗೆನೇ. ನನಗೆ ನಾಲ್ಕು ಲಕ್ಷ ಆಯ್ತು.

ಇನ್ನು ಬ್ಯಾಂಕು. ಇದರಲ್ಲಿ ಪಟ್ಟಿದ್ದು ಸ್ವಲ್ಪ ಕಷ್ಟ ಅಲ್ಲ. ಮೊದಲನೇ ದಿನ ಮ್ಯಾನೇಜರು ಅಡ್ಮಿಶನ್ ಲೆಟರ್ ನೋಡಿ "ಫೀಸೇ ಇಲ್ಲ ಅಂತಿದೆ, ಮತ್ತೆ ಸಾಲ ಯಾಕಮ್ಮ?" ಅಂದ್ರು. ಅವರ ಫಾರಂನಲ್ಲಿ ಟ್ಯೂಶನ್ ಫೀಸ್ ಅನ್ನೋ ಕಾಲಂ ತುಂಬದೇ ಮುಂದಕ್ಕೆ ಹೋಗೋದೇ ಇಲ್ಲ. ಬ್ಲಾಕ್ಡ್ ಅಕೌಂಟ್ ಬಗ್ಗೆ ಜರ್ಮನ್ ರಾಯಭಾರ ಕಚೇರಿಯ ಪೇಜ್ ಪ್ರಿಂಟ್ ತಗೊಂಡು, ವಿದೇಶದಲ್ಲಿರೋ ಖರ್ಚಿಗೂ ಎಜುಕೇಶನ್ ಲೋನ್ ಕೊಡಬಹುದು ಅನ್ನೋ ಆ ಬ್ಯಾಂಕಿನದೇ ನಿಯಮ ಪ್ರಿಂಟ್ ತಗೊಂಡು, ಎರಡಕ್ಕೂ ಹಳದಿ ಗೆರೆ ಎಳ್ಕೊಂಡು ಮೂರನೇ ಸಲ ಹೋದಾಗ ಅರ್ಜಿ ತಗೊಂಡ್ರು.

ಆಮೇಲೆ ಅಡಮಾನ. ತೋಟ ಇಡ್ತೀವಿ ಅಂದ್ರೆ ಕೃಷಿ ಜಮೀನು ಆಗಲ್ಲ ಅಂದ್ರು. ಮನೆ ಇಡೋಣ ಅಂದ್ರೆ ಅದು ಗ್ರಾಮ ಪಂಚಾಯ್ತಿ ವ್ಯಾಪ್ತಿದು, ಖಾತೆ ಇನ್ನೂ ತಾತನ ಹೆಸರಲ್ಲೇ ಇತ್ತು, ಇ-ಸ್ವತ್ತು ಆಗಿಲ್ಲ, ಫಾರಂ 9, 11 ಇಲ್ಲ. ತಾತ ತೀರ್ಕೊಂಡು ಹನ್ನೆರಡು ವರ್ಷ, ಅತ್ತೆಯರು ದೊಡ್ಡಪ್ಪ ಎಲ್ಲಾ ಸಹಿ ಹಾಕಿ ವಂಶವೃಕ್ಷ ಮಾಡಿಸಿ ಖಾತೆ ಬದಲಾಯಿಸೋ ಹೊತ್ತಿಗೆ ನನ್ನ ಸೆಮಿಸ್ಟರೇ ಮುಗಿದಿರೋದು. ಆವಾಗ ಒಂದು ವಾರ ಅಪ್ಪ ಸರಿಯಾಗಿ ಊಟ ಮಾಡ್ಲಿಲ್ಲ. ದಾರಿ ತೋರಿಸಿದ್ದು ಆ ಬ್ರಾಂಚಲ್ಲೇ ಇದ್ದ ಒಬ್ಬ ಕ್ಲರ್ಕು, "7.5 ಲಕ್ಷದವರೆಗೆ ಆಸ್ತಿ ಬೇಡ ಕಣಮ್ಮ, ಜಾಮೀನು ಹಾಕೋರು ಇದಾರಾ ನೋಡಿ" ಅಂದ್ರು. ನಮ್ಮ ಸೋದರಮಾವ ಸರ್ಕಾರಿ ಶಾಲೆ ಮೇಷ್ಟ್ರು, ಅವರಿಗೆ ಹೇಳಿದ್ದೇ ತಡ ಸ್ಯಾಲರಿ ಸ್ಲಿಪ್ ಹಿಡ್ಕೊಂಡು ಬಂದು ಸಹಿ ಹಾಕಿದ್ರು, ಅಮ್ಮ ಬ್ಯಾಂಕಿನ ಬೆಂಚಲ್ಲೇ ಕೂತು ಕಣ್ಣೊರೆಸ್ಕೊಂಡ್ರು. ಸಾಲ ತೀರಿಸೋದು ಕೋರ್ಸ್ ಮುಗಿದು ಒಂದು ವರ್ಷ ಆದ್ಮೇಲೆ ಶುರು, ಆದ್ರೆ ಬಡ್ಡಿ ಮೊದಲ ದಿನದಿಂದಲೇ ಓಡ್ತಿರುತ್ತೆ, ಇದನ್ನ ಮನೇಲಿ ಎಲ್ಲರಿಗೂ ಬಿಡಿಸಿ ಹೇಳಿ.

ಲೆಕ್ಕ ಕೇಳಿ. ಬ್ಯಾಂಕು 7.5 ಲಕ್ಷ, ನನ್ನ ಉಳಿತಾಯ 1.4 ಲಕ್ಷ, ಅಪ್ಪ ಕೊಟ್ಟಿದ್ದು 70 ಸಾವಿರ. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆನೇ ಕ್ವಿಂಟಾಲಿಗೆ 11,750 ಇದ್ದಾಗ ಮಾರ್ಕೆಟಲ್ಲಿ ರೇಟು ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದಿತ್ತು, ಅಟ್ಟದ ಮೇಲಿದ್ದ ಕೊಬ್ಬರಿಯನ್ನ ಆ ರೇಟಿಗೇ ಮಾರಿ ಕೊಟ್ಟ ದುಡ್ಡು ಅದು. ಇಷ್ಟಾದ್ರೂ ಬ್ಲಾಕ್ಡ್ ಅಕೌಂಟಿಗೆ ಐವತ್ತು ಸಾವಿರ ಕಮ್ಮಿ ಬಿತ್ತು, ಅದನ್ನ ಮಾವನೇ ಕೈಸಾಲ ಕೊಟ್ರು. ಟಾಟಾದ ನಾಲ್ಕು ಲಕ್ಷ ಬಂದ್ಮೇಲೆ ಮೊದಲು ಅವರಿಗೆ ವಾಪಸ್ ಕೊಟ್ಟು, ಟಿಕೆಟ್, ರೂಮ್ ಡೆಪಾಸಿಟ್, ಚಳಿ ಬಟ್ಟೆ ನೋಡ್ಕೊಂಡು, ಉಳಿದಿದ್ದನ್ನ ಎರಡನೇ ವರ್ಷಕ್ಕೆ ಮುಟ್ಟದೇ ಇಟ್ಟೆ. ದುಡ್ಡು ದೇಶದ ಹೊರಗೆ ಕಳಿಸೋವಾಗ ಬ್ಯಾಂಕಿನವರು ಟಿಸಿಎಸ್ ಅಂತ ತೆರಿಗೆ ಹಿಡ್ಕೋತಾರೆ, ಆಗ 7 ಲಕ್ಷ ದಾಟಿದ್ದಕ್ಕೆ ಲೋನ್ ದುಡ್ಡಾದ್ರೆ ಅರ್ಧ ಪರ್ಸೆಂಟು, ಸ್ವಂತ ದುಡ್ಡಾದ್ರೆ ಐದು ಇತ್ತು, ಐಟಿ ರಿಟರ್ನ್ ಹಾಕಿ ವಾಪಸ್ ತಗೋಬಹುದು. 2025ರ ಏಪ್ರಿಲಿಂದ ಮಿತಿ 10 ಲಕ್ಷ ಆಗಿದೆ, ಬ್ಯಾಂಕ್ ಲೋನಿನ ದುಡ್ಡಿಗೆ ಹಿಡಿಯೋದೇ ಇಲ್ಲ.

ಇಲ್ಲಿಗೆ ಬಂದ್ಮೇಲೆ ಸಿಗೋ ದುಡ್ಡಿನ ಬಗ್ಗೆ ಊರಲ್ಲಿ ಯಾರೂ ಹೇಳಿರ್ಲಿಲ್ಲ. ಡಾಯ್ಚ್‌ಲಾಂಡ್‌ಸ್ಟಿಪೆಂಡಿಯಂ ಅಂತ ಒಂದಿದೆ, 2011ರಿಂದ ನಡೀತಿದೆ, ತಿಂಗಳಿಗೆ 300 ಯೂರೋ, ಅರ್ಧ ಸರ್ಕಾರದ್ದು ಅರ್ಧ ಕಂಪನಿಗಳು ದಾನಿಗಳು ಕೊಡೋದು. ಯಾವ ದೇಶದವರಾದ್ರೂ ಹಾಕಬಹುದು, ಮನೆ ಆದಾಯ ಕೇಳಲ್ಲ, ವಾಪಸ್ ಕೊಡೋ ಹಾಗೂ ಇಲ್ಲ. ಯೂನಿವರ್ಸಿಟಿ ಮೂಲಕನೇ ಅರ್ಜಿ. ಜರ್ಮನ್ ಬರಲ್ಲ ಅಂತ ಎಷ್ಟೋ ಜನ ನಮ್ಮವರು ಹಾಕೋದೇ ಇಲ್ಲ, ನಾನು ಮೊದಲ ವರ್ಷದ ಮಾರ್ಕ್ಸು ಆ ಬೋರಿನ ಪತ್ರ ಎರಡೂ ಇಟ್ಟು ಹಾಕ್ದೆ, ಎರಡನೇ ವರ್ಷ ಪೂರ್ತಿ ಬಂತು. ಜೊತೆಗೆ ಡಿಪಾರ್ಟ್‌ಮೆಂಟಲ್ಲೇ ಸ್ಟೂಡೆಂಟ್ ಅಸಿಸ್ಟೆಂಟ್ ಕೆಲಸ, ಇಲ್ಲಿ ಹಿವಿ ಅಂತಾರೆ, ತಿಂಗಳಿಗೆ 40 ಗಂಟೆ, ಸುಮಾರು 500 ಯೂರೋ. ಮಣ್ಣಿನ ತೇವಾಂಶದ ಡೇಟಾ ಸರಿ ಮಾಡೋ ಕೆಲಸ, ಅದೇ ಮುಂದೆ ನನ್ನ ಥೀಸಿಸ್ ಆಯ್ತು. ಹೊರಗೆ ಗೋಡೌನಲ್ಲಿ ಪ್ಯಾಕಿಂಗ್ ಮಾಡಿದ್ರೆ ಗಂಟೆಗೆ ಅಷ್ಟೇ ಸಿಗುತ್ತೆ, ಆದ್ರೆ ಪರೀಕ್ಷೆ ಹೊತ್ತಲ್ಲಿ ಪ್ರೊಫೆಸರ್ ರಜೆ ಕೊಡ್ತಾರೆ, ಗೋಡೌನವರು ಕೊಡಲ್ಲ. ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು, 2024ರ ಮಾರ್ಚಿಗೆ ಮುಂಚೆ 120, 240 ಇತ್ತು. ಎರಡನೇ ವರ್ಷ ಇಲ್ಲಿ ಇರೋಕೆ ಬೇಕಾದ ಪರ್ಮಿಟ್ ಮುಂದುವರೆಸೋವಾಗ ಮತ್ತೆ ದುಡ್ಡು ತೋರಿಸ್ಬೇಕು, ನಾನು ಹಿವಿ ಕಾಂಟ್ರಾಕ್ಟು, ಸ್ಟಿಪೆಂಡಿಯಂ ಪತ್ರ, ಎತ್ತಿಟ್ಟಿದ್ದ ದುಡ್ಡು ಮೂರೂ ಸೇರಿಸಿ ತೋರಿಸ್ದೆ. ಕೊನೇ ಸೆಮಿಸ್ಟರಲ್ಲಿ ಕಷ್ಟಕ್ಕೆ ಸಿಕ್ಕಿದವರಿಗೆ ಸ್ಟಿಬೆಟ್ ಅಂತ ಡಾಡ್‌ನದೇ ನೆರವು ಯೂನಿವರ್ಸಿಟಿ ಮೂಲಕ ಸಿಗುತ್ತೆ, ಇಂಟರ್ನ್ಯಾಷನಲ್ ಆಫೀಸಲ್ಲಿ ಸಂಕೋಚ ಪಡದೇ ಕೇಳಿ.

ಎಸ್‌ಸಿ ಕುಟುಂಬದವರಿಗೆ ನನ್ನ ದಾರಿಗಿಂತ ಒಳ್ಳೇ ದಾರಿ ಇದೆ, ಮೊದಲು ಅದನ್ನೇ ನೋಡಿ. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ಪಲ್ಲಿ ಫೀಸು, ಇರೋ ಖರ್ಚು, ವಿಮಾನ ಎಲ್ಲಾ ಬರುತ್ತೆ, ವರ್ಷಕ್ಕೆ 125 ಜನಕ್ಕೆ, ಅದರಲ್ಲಿ 115 ಎಸ್‌ಸಿ, ಉಳಿದಿದ್ದು ಅಲೆಮಾರಿ ಸಮುದಾಯ, ಭೂಮಿ ಇಲ್ಲದ ಕೃಷಿ ಕೂಲಿಗಳು, ಕುಶಲಕರ್ಮಿಗಳ ಮಕ್ಕಳಿಗೆ. ಕುಟುಂಬದ ಆದಾಯ 8 ಲಕ್ಷದೊಳಗೆ, ಶೇ 60 ಮಾರ್ಕ್ಸ್, ವಯಸ್ಸು 35ರೊಳಗೆ. ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಎಸ್‌ಸಿ ಎಸ್‌ಟಿ ಇಬ್ಬರಿಗೂ ಇದೆ. ನನ್ನ ಜೊತೆ ಓದಿದ ಹುಡುಗನೊಬ್ಬ ಕೇಂದ್ರದ್ದಕ್ಕೆ ಹಾಕೋವಾಗ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿತ್ತು, ನಾಡಕಚೇರಿಗೆ ಓಡಾಡಿ ಹೊಸದು ಮಾಡಿಸಿ ಕೊನೇ ದಿನ ರಾತ್ರಿ ಅಪ್‌ಲೋಡ್ ಮಾಡಿದ, ಒಂದು ದಿನ ತಡ ಆಗಿದ್ರೆ ಅವನ ಇಂಗ್ಲೆಂಡಿನ ಸೀಟು ಹೋಗ್ತಿತ್ತು.

ಈಗ ನಮ್ಮ ದೊಡ್ಡಪ್ಪನ ಮೊಮ್ಮಗಳು ಇಂಜಿನಿಯರಿಂಗ್ ಮೂರನೇ ವರ್ಷ, ಅವಳೂ ಬರ್ತೀನಿ ಅಂತಿದಾಳೆ. ಅವಳಿಗೆ ಕೋರ್ಸು ಹುಡುಕೋದು ಆಮೇಲೆ ಇರ್ಲಿ, ಪಂಚಾಯ್ತಿಗೆ ಹೋಗಿ ನಿಮ್ಮ ಮನೆ ಖಾತೆ ಯಾರ ಹೆಸರಲ್ಲಿದೆ ಮೊದಲು ನೋಡ್ಕೊಂಡು ಬಾ ಅಂದಿದ್ದೆ. ನಿನ್ನೆ ಫೋನ್ ಮಾಡಿದ್ಲು, ಅವರದ್ದೂ ತಾತನ ಹೆಸರಲ್ಲೇ ಇದೆಯಂತೆ, ಅರ್ಜಿ ಕೊಟ್ಟು ಬಂದಿದಾಳೆ.