45 ಲಕ್ಷದ ಗೆರೆ

ಕೆಂಗೇರಿ ಉಪನಗರದ ಬಳಿ ನಾವು ಕೊಂಡ ಎರಡು ಕೋಣೆಗಳ ಫ್ಲ್ಯಾಟು ಕೇಂದ್ರದ ಜಿಎಸ್‌ಟಿ ಲೆಕ್ಕದಲ್ಲಿ ಕೈಗೆಟುಕುವ ಮನೆ. ರಾಜ್ಯದ ಮುದ್ರಾಂಕ ಶುಲ್ಕದ ಲೆಕ್ಕದಲ್ಲಿ ಅದು ಹಾಗಲ್ಲ. ಮನೆ ಅದೇ, ಕೊಟ್ಟ ಬೆಲೆಯೂ ಅದೇ. ಈ ಎರಡು ಲೆಕ್ಕಗಳ ನಡುವೆ ಸಿಕ್ಕಿಕೊಂಡು ನಾವು ಹೆಚ್ಚಿಗೆ ತೆತ್ತದ್ದು 1,20,540 ರೂಪಾಯಿ. ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಹದಿನೆಂಟು ವರ್ಷಗಳಿಂದ ಲೆಕ್ಕಪತ್ರ ನೋಡಿಕೊಳ್ಳುತ್ತಿರುವ ನಾನು, ಅನ್ಯರ ತೆರಿಗೆಯನ್ನು ಪೈಸೆಯವರೆಗೆ ಹೊಂದಿಸುವವನು, ನನ್ನ ಮನೆಯ ವಿಷಯದಲ್ಲಿ ಇದನ್ನು ಮುಂಚಿತವಾಗಿ ಕಾಣಲಿಲ್ಲ. ಮನೆ ಕೊಳ್ಳಲು ಹೊರಟವರಿಗೆ ಉಪಯೋಗವಾದೀತೆಂದು ಆ ಲೆಕ್ಕವನ್ನು ಇಲ್ಲಿ ಬಿಡಿಸಿಡುತ್ತಿದ್ದೇನೆ.

ನಾವು ಹುಡುಕಾಟ ಆರಂಭಿಸಿದ್ದು 2019ರಲ್ಲಿ. ಆಗ ವಿಜಯನಗರದಲ್ಲಿ ಎಂಟು ಲಕ್ಷ ರೂಪಾಯಿ ಕೊಟ್ಟು ಭೋಗ್ಯಕ್ಕೆ ಹಾಕಿಕೊಂಡಿದ್ದ ಮನೆಯಲ್ಲಿದ್ದೆವು. ಸಹಜವಾಗಿಯೇ ಮೊದಲು ಮನಸ್ಸು ಹರಿದದ್ದು ಸರ್ಕಾರಿ ಮನೆಯ ಕಡೆಗೆ. ನನ್ನ ಮಾವನವರ ಕಾಲದಲ್ಲಿ ಬೆಂಗಳೂರಿನ ಮಧ್ಯಮ ವರ್ಗದವರಿಗೆ ಸ್ವಂತ ಮನೆಯೆಂದರೆ 1976ರಲ್ಲಿ ಹುಟ್ಟಿದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಹಂಚುತ್ತಿದ್ದ ನಿವೇಶನ, ಇಲ್ಲವೇ ಗೃಹಮಂಡಳಿಯ ಮನೆ. ಅವರು ಎರಡು ಸಲ ಅರ್ಜಿ ಹಾಕಿ ನಿರಾಶರಾಗಿ, ಮೂರನೆಯ ಸಲಕ್ಕೆ ನಿವೇಶನ ಪಡೆದು, ಗುತ್ತಿಗೆ ಹಾಗೂ ಮಾರಾಟ ಕರಾರಿನ ಹತ್ತು ವರ್ಷ ಮುಗಿದ ಮೇಲೆ ಶುದ್ಧ ಕ್ರಯಪತ್ರ ಮಾಡಿಸಿಕೊಂಡವರು. ಸರ್ಕಾರ ಭೂಸ್ವಾಧೀನ ಮಾಡಿ, ಬಡಾವಣೆ ರೂಪಿಸಿ, ತನ್ನ ಖರ್ಚಿನ ಲೆಕ್ಕದಲ್ಲಿ ಹಂಚಿದ ಆ ಜಾಗವನ್ನು ಅವರು ಕಡೆಗೆ ಮಾರಿದ್ದು ಮಾತ್ರ ಪೇಟೆಯ ಬೆಲೆಗೆ. ಅವರನ್ನು ನಾನು ದೂರುವುದಿಲ್ಲ, ಆ ಹಣದಿಂದಲೇ ನನ್ನ ಹೆಂಡತಿಯ ಓದು ಮುಗಿಯಿತು. ಆದರೆ ಸರ್ಕಾರ ಇಳಿಸಿಕೊಟ್ಟ ಬೆಲೆ ಮೊದಲ ಹಂಚಿಕೆದಾರನ ಕೈಯಲ್ಲೇ ಕರಗಿಹೋಗುತ್ತದೆ, ಎರಡನೆಯವನಿಗೆ ದಾಟುವುದಿಲ್ಲ ಎಂಬುದನ್ನು ನಮ್ಮ ಮನೆಯೊಳಗೇ ಕಂಡಂತಾಯಿತು. ಒಮ್ಮೆ ಅಗ್ಗವಾಗಿ ಹಂಚಿದ ಮನೆ ಮುಂದೆಯೂ ಅಗ್ಗವಾಗಿಯೇ ಉಳಿಯುವಂಥ ಕಟ್ಟುಪಾಡು ಇರಬೇಕಿತ್ತೆಂಬುದು ನನ್ನ ಅಭಿಪ್ರಾಯ. ಮಾವನವರು ಇದನ್ನು ಒಪ್ಪುವುದಿಲ್ಲ.

ನಗರದ ಅಂಚಿನಲ್ಲಿ ಸರ್ಕಾರಿ ಸಂಸ್ಥೆಯೊಂದು ಕಟ್ಟಿದ್ದ ಬಹುಮಹಡಿ ಸಮುಚ್ಚಯವನ್ನೂ ಹೋಗಿ ನೋಡಿದೆವು. ಸುತ್ತಲಿನ ಖಾಸಗಿ ಫ್ಲ್ಯಾಟುಗಳಿಗಿಂತ ಬೆಲೆ ಕಡಿಮೆಯಿತ್ತು, ಕಾಗದಪತ್ರಗಳ ತಕರಾರೂ ಇರಲಿಲ್ಲ. ಆದರೆ ನೀರು ಟ್ಯಾಂಕರಿನದು, ಬಸ್ಸು ಗಂಟೆಗೊಂದು. ಪೀಣ್ಯಕ್ಕೆ ಹೋಗಿಬರುವ ಖರ್ಚು, ಟ್ಯಾಂಕರಿನ ಹಣ, ಮಗಳ ಶಾಲೆಯ ವ್ಯಾನು ಎಲ್ಲವನ್ನೂ ತಿಂಗಳ ಲೆಕ್ಕಕ್ಕೆ ತಂದಾಗ ಬೆಲೆಯಲ್ಲಿ ಉಳಿದಂತೆ ಕಂಡದ್ದು ಹಾಗೆಯೇ ಸೋರಿಹೋಗುತ್ತಿತ್ತು. ಬೇಡವೆಂದು ತೀರ್ಮಾನಿಸಿದೆವು.

ಆಗಲೇ ಕೆಂಗೇರಿಯಲ್ಲಿ ಒಂದು ಖಾಸಗಿ ಫ್ಲ್ಯಾಟು ಹಿಡಿಸಿತ್ತು. ಮೆಟ್ರೊ ಬಂದ ಮೇಲೆ ನೋಡೋಣವೆಂದು ಮುಂದೂಡಿದ್ದು ನನ್ನ ಮೊದಲ ತಪ್ಪು. ನಡುವೆ ಕೊರೊನಾ ಬಂದು ಅರ್ಧ ಸಂಬಳದ ತಿಂಗಳುಗಳೂ ಕಳೆದವು. 2021ರ ಆಗಸ್ಟ್‌ನಲ್ಲಿ ಮೈಸೂರು ರಸ್ತೆಯಿಂದ ಕೆಂಗೇರಿಯವರೆಗೆ ರೈಲು ಓಡತೊಡಗಿತು; ಅದರ ಲಾಭವನ್ನು ಮಾರುವವರು ಅದಕ್ಕೂ ಮುಂಚೆಯೇ ಬೆಲೆಗೆ ಸೇರಿಸಿಕೊಂಡಿದ್ದರು. ಸಾರ್ವಜನಿಕ ಹಣದಿಂದ ಹಾಕಿದ ಹಳಿ ಖಾಸಗಿ ಮನೆಯ ಬೆಲೆಯನ್ನು ಏರಿಸಿತು. ಅದೇ ಅವಧಿಯಲ್ಲಿ ಇನ್ನೊಂದು ಅವಕಾಶವೂ ಕೈತಪ್ಪಿತು. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ವರ್ಷಕ್ಕೆ 6ರಿಂದ 12 ಲಕ್ಷ ಆದಾಯದವರಿಗೆ 9 ಲಕ್ಷದವರೆಗಿನ ಸಾಲಕ್ಕೆ ಶೇ 4ರಷ್ಟು ಬಡ್ಡಿ ಸಹಾಯಧನ, ಅಂದರೆ ಗರಿಷ್ಠ ಸುಮಾರು 2.35 ಲಕ್ಷ ರೂಪಾಯಿ ಸಾಲದ ಖಾತೆಗೆ ಜಮೆಯಾಗುತ್ತಿತ್ತು. ಮಧ್ಯಮ ಆದಾಯದವರ ಪಾಲಿಗೆ ಅದು 2021ರ ಮಾರ್ಚ್ 31ಕ್ಕೆ ಮುಗಿಯಿತು. 2024ರಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ಬಡ್ಡಿ ಸಹಾಯಧನಕ್ಕೆ ಆದಾಯದ ಮಿತಿ 9 ಲಕ್ಷ, ಮನೆಯ ಬೆಲೆಯ ಮಿತಿ 35 ಲಕ್ಷ. ಬೆಂಗಳೂರಿನ ಮೆಟ್ರೊ ನಿಲ್ದಾಣವೊಂದರ ಆಸುಪಾಸಿನಲ್ಲಿ ಆ ಬೆಲೆಗೆ ಎರಡು ಕೋಣೆಗಳ ಹೊಸ ಮನೆ ಹುಡುಕಿದವರಿಗೇ ಆ ಮಿತಿಯ ಅರ್ಥ ಗೊತ್ತು.

2023ರ ಜುಲೈನಲ್ಲಿ, ಕಟ್ಟಡ ಮುಗಿಯುವ ಹಂತದಲ್ಲಿದ್ದ ಫ್ಲ್ಯಾಟೊಂದಕ್ಕೆ 43.50 ಲಕ್ಷ ರೂಪಾಯಿಗೆ ಕ್ರಯದ ಕರಾರು ಮಾಡಿಕೊಂಡೆವು. ಆ ಬೆಲೆಗೆ ಬರಲು ಬಹಳ ಚೌಕಾಸಿ ನಡೆಯಿತು, ಅದಕ್ಕೆ ಕಾರಣ 45 ಲಕ್ಷದ ಗೆರೆ. 2019ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ, ಬೆಂಗಳೂರಿನಂಥ ಮಹಾನಗರದಲ್ಲಿ ನಿರ್ಮಾಣ ಹಂತದ ಮನೆಯ ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ಬಳಕೆಗೆ ಸಿಗುವ ಜಾಗ, 60 ಚದರ ಮೀಟರ್ ಒಳಗೆ, ಬೆಲೆ 45 ಲಕ್ಷದ ಒಳಗೆ ಇದ್ದರೆ ಜಿಎಸ್‌ಟಿ ಶೇ 1. ಎರಡರಲ್ಲಿ ಒಂದು ಮೀರಿದರೂ ಶೇ 5. ರಾಜ್ಯದಲ್ಲಿಯೂ ಮೊದಲ ಸಲ ನೋಂದಣಿಯಾಗುವ ಫ್ಲ್ಯಾಟಿಗೆ 20 ಲಕ್ಷದ ಮೇಲೆ 45 ಲಕ್ಷದವರೆಗೆ ಮುದ್ರಾಂಕ ಶುಲ್ಕ ಶೇ 3, ಅದರ ಮೇಲೆ ಶೇ 5. ಹೀಗಾಗಿ 44 ಲಕ್ಷದ ಮನೆಯನ್ನು 46 ಲಕ್ಷಕ್ಕೆ ಒಪ್ಪಿಕೊಂಡರೆ ಬೆಲೆಯಲ್ಲಿ ಎರಡು ಲಕ್ಷ ಹೆಚ್ಚುವುದಲ್ಲದೆ, ತೆರಿಗೆ ಮತ್ತು ಶುಲ್ಕಗಳಲ್ಲಿಯೇ ಇನ್ನೂ ಮೂರು ಲಕ್ಷದ ಹತ್ತಿರ ಹೆಚ್ಚುತ್ತದೆ. ಬಿಲ್ಡರನ ಎದುರು ಕುಳಿತು ಈ ಲೆಕ್ಕವನ್ನು ಬರೆದು ತೋರಿಸಿದೆ. ಅವರಿಗೂ ಅದು ಚೆನ್ನಾಗಿಯೇ ಗೊತ್ತಿತ್ತು.

ನನಗೆ ಹೊಳೆಯದಿದ್ದ ಅಂಶವೊಂದಿತ್ತು. ಜಿಎಸ್‌ಟಿ ನೋಡುವುದು ನಾವು ಕೊಡುವ ಬೆಲೆಯನ್ನು. ನೋಂದಣಿ ಇಲಾಖೆ ನೋಡುವುದು ಕೊಟ್ಟ ಬೆಲೆ ಮತ್ತು ಆಯಾ ಪ್ರದೇಶಕ್ಕೆ ಸರ್ಕಾರವೇ ಗೊತ್ತುಮಾಡಿದ ಮಾರ್ಗಸೂಚಿ ದರ, ಎರಡರಲ್ಲಿ ಯಾವುದು ಹೆಚ್ಚೋ ಅದನ್ನು, ಅದೂ ಕ್ರಯಪತ್ರವಾಗುವ ದಿನ ಇರುವಂತೆ. ಕರಾರಿನ ದಿನ ಮಾರ್ಗಸೂಚಿ ದರದಲ್ಲಿ ನಮ್ಮ ಮನೆಯ ಮೌಲ್ಯ 37 ಲಕ್ಷದಷ್ಟಿತ್ತು, ಹಾಗಾಗಿ ಅದರ ಕಡೆಗೆ ನಾನು ಮತ್ತೆ ತಿರುಗಿ ನೋಡಲೇ ಇಲ್ಲ. ಸೆಪ್ಟೆಂಬರಿನಲ್ಲಿ ರಾಜ್ಯದಾದ್ಯಂತ ದರ ಪರಿಷ್ಕರಣೆಯಾಗುವುದು ಖಚಿತವಾಯಿತು, ಅಕ್ಟೋಬರ್ 1ರಿಂದ ಹೊಸ ದರ ಜಾರಿಗೆ ಬಂತು. ಸೆಪ್ಟೆಂಬರಿನ ಕೊನೆಯ ವಾರ ಉಪನೋಂದಣಾಧಿಕಾರಿ ಕಚೇರಿಗಳ ಮುಂದೆ ಜಾತ್ರೆಯಂತೆ ಜನ ಸೇರಿದ್ದರು. ನಮ್ಮ ಕಟ್ಟಡಕ್ಕೆ ಸ್ವಾಧೀನಾನುಭವ ಪತ್ರ, ಅಂದರೆ ಕಟ್ಟಡ ವಾಸಕ್ಕೆ ಸಿದ್ಧವೆಂದು ಪ್ರಾಧಿಕಾರ ಕೊಡುವ, ಎಲ್ಲರೂ ಒಸಿ ಎನ್ನುವ ಕಾಗದ, ಇನ್ನೂ ಬಂದಿರಲಿಲ್ಲವಾದ್ದರಿಂದ ಆ ಸಾಲಿನಲ್ಲಿ ನಿಲ್ಲುವ ಭಾಗ್ಯವೂ ನಮಗಿರಲಿಲ್ಲ. ಒಸಿ ಬಂದದ್ದು ಡಿಸೆಂಬರಿನಲ್ಲಿ. ಹೊಸ ದರದಲ್ಲಿ ಮನೆಯ ಮೌಲ್ಯ 47 ಲಕ್ಷವಾಗಿತ್ತು.

2024ರ ಜನವರಿಯಲ್ಲಿ ಪತ್ರ ಬರಹಗಾರರು ಲೆಕ್ಕದ ಚೀಟಿಯನ್ನು ನನ್ನ ಮುಂದಿಟ್ಟರು. ಶೇ 5ರ ಮುದ್ರಾಂಕ ಶುಲ್ಕ 2,35,000, ಅದರ ಮೇಲೆ ಶೇ 10 ಸೆಸ್ 23,500, ಶೇ 2 ಸರ್ಚಾರ್ಜ್ 4,700, ಆಗಿನ ಶೇ 1ರ ನೋಂದಣಿ ಶುಲ್ಕ 47,000, ಒಟ್ಟು 3,10,200. ನಾನು ತೆಗೆದಿಟ್ಟಿದ್ದು 43.50 ಲಕ್ಷಕ್ಕೆ ಶೇ 3ರ ಲೆಕ್ಕದಲ್ಲಿ 1,89,660.

“ಏನ್ ಸಾರ್, ನೀವೇ ಅಕೌಂಟ್ಸ್‌ನೋರು, ಅಕ್ಟೋಬರ್ ಆದ್ಮೇಲೆ ಒಂದ್ಸಲ ಕೇಳ್ಬಾರ್ದಿತ್ತಾ?” ಎಂದರು ಅವರು.

ಆ ಹೆಚ್ಚುವರಿ ಹಣಕ್ಕೆ ಬ್ಯಾಂಕನ್ನು ಕೇಳುವಂತಿರಲಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 30ರಿಂದ 75 ಲಕ್ಷದವರೆಗಿನ ಗೃಹಸಾಲ ಮನೆಯ ಮೌಲ್ಯದ ಶೇ 80ನ್ನು ಮೀರಬಾರದು, ಹತ್ತು ಲಕ್ಷಕ್ಕಿಂತ ಹೆಚ್ಚಿನ ಮನೆಗಳಿಗೆ ಆ ಮೌಲ್ಯದಲ್ಲಿ ಮುದ್ರಾಂಕ ಮತ್ತು ನೋಂದಣಿಯ ಖರ್ಚನ್ನು ಸೇರಿಸುವಂತೆಯೂ ಇಲ್ಲ. ನಮ್ಮ ಸಾಲ 34 ಲಕ್ಷ. ಭೋಗ್ಯದ ಎಂಟು ಲಕ್ಷ ಮತ್ತು ಭವಿಷ್ಯನಿಧಿಯಿಂದ ತೆಗೆದ ನಾಲ್ಕು ಲಕ್ಷ ಈ ಮೊದಲೇ ಲೆಕ್ಕಕ್ಕೆ ಸೇರಿಹೋಗಿದ್ದವು. ಕಡೆಗೆ ನನ್ನ ಹೆಂಡತಿ ಅವಧಿಗೆ ಮುನ್ನವೇ ಚೀಟಿ ಕೂಗಿ, ನಷ್ಟಕ್ಕೆ ಎತ್ತಿದಳು. ಆ ನಷ್ಟವನ್ನು ಮೇಲೆ ಹೇಳಿದ 1,20,540ಕ್ಕೆ ಸೇರಿಸಿಲ್ಲ, ಅವಳು ಸೇರಿಸುತ್ತಾಳೆ.

ಒಂದು ಸಮಾಧಾನವೆಂದರೆ, ಮಾರ್ಗಸೂಚಿ ಮೌಲ್ಯ ನಾವು ಕೊಟ್ಟ ಬೆಲೆಗಿಂತ ಶೇ 10ಕ್ಕೂ ಕಡಿಮೆ ಅಂತರದಲ್ಲಿದ್ದುದರಿಂದ ಆ ವ್ಯತ್ಯಾಸವನ್ನು ಆದಾಯ ತೆರಿಗೆಯವರು ನಮ್ಮ ಆದಾಯವೆಂದು ಪರಿಗಣಿಸುವ ಪ್ರಮೇಯ ಬರಲಿಲ್ಲ.

ಮಾರ್ಗಸೂಚಿ ದರ ಪೇಟೆಯ ಬೆಲೆಗೆ ಹತ್ತಿರವಾಗಿರಬೇಕೆಂಬ ವಾದವನ್ನು ನಾನು ಒಪ್ಪುತ್ತೇನೆ. ದರ ತೀರ ಕೆಳಗಿದ್ದರೆ ಕಪ್ಪುಹಣಕ್ಕೆ ದಾರಿಯಾಗುತ್ತದೆ, ಅದನ್ನು ನಮ್ಮ ಕಸುಬಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ತಕರಾರು ಗೆರೆಯ ಬಗ್ಗೆ. ಒಂದು ಕೈ ದರವನ್ನು ಏರಿಸುವಾಗ ಇನ್ನೊಂದು ಕೈ 45 ಲಕ್ಷದ ಮಿತಿಯನ್ನು ಇದ್ದಲ್ಲೇ ಬಿಟ್ಟರೆ, ಮನೆಯ ಅಳತೆ ಒಂದಿಂಚೂ ಬದಲಾಗದೆ ಅದು ಕೈಗೆಟುಕುವ ಮನೆಗಳ ಪಟ್ಟಿಯಿಂದ ಹೊರಬೀಳುತ್ತದೆ. ದರದ ಕರಡು ಪ್ರಕಟವಾದಾಗ ಸಾರ್ವಜನಿಕರು ಆಕ್ಷೇಪಣೆ ಸಲ್ಲಿಸಬಹುದು. ನಾನು ಆ ಕರಡನ್ನು ತೆರೆದು ನೋಡಿದ್ದು ನೋಂದಣಿಯೆಲ್ಲ ಮುಗಿದ ಮೇಲೆ.

ಸಾಲದ ಬಡ್ಡಿ ರೆಪೊ ದರಕ್ಕೆ, ಅಂದರೆ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕು ಸಾಲ ಕೊಡುವ ದರಕ್ಕೆ, ಜೋಡಣೆಯಾಗಿರುವುದರಿಂದ 2025ರಲ್ಲಿ ಅದು ಇಳಿದಾಗ ನಮಗೂ ಅನುಕೂಲವಾಯಿತು. ಕಂತನ್ನು ಮೊದಲಿನ ಮೂವತ್ತು ಸಾವಿರದ ಆಸುಪಾಸಿನಲ್ಲಿಯೇ ಉಳಿಸಿಕೊಂಡು ಅವಧಿಯನ್ನು ಕಡಿಮೆ ಮಾಡಿಸಿದೆವು.

ಅದೇ ವರ್ಷದ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. ಆ ಬಳಿಕ ನಮ್ಮ ಕಾರ್ಖಾನೆಯ ಸ್ಟೋರ್ಸ್‌ನಲ್ಲಿರುವ ಹುಡುಗನೊಬ್ಬ 43 ಲಕ್ಷದ ಫ್ಲ್ಯಾಟೊಂದರ ಕಾಗದಗಳನ್ನು ಹಿಡಿದು ನನ್ನ ಮೇಜಿಗೆ ಬಂದ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಮಾರ್ಗಸೂಚಿ ದರ ತೆಗೆದು, ಮೆಟ್ಟಿಲು, ಲಿಫ್ಟಿನಂಥ ಹಂಚಿಕೆಯ ಜಾಗದ ಪಾಲೂ ಸೇರಿದ ಸೂಪರ್ ಬಿಲ್ಟಪ್ ಅಳತೆಗೆ ಗುಣಿಸಿದಾಗ 44.60 ಲಕ್ಷ ಬಂತು, ಅಂದರೆ ಗೆರೆಯಿಂದ ನಲವತ್ತು ಸಾವಿರ ಈಚೆಗೆ. ಶುಲ್ಕಗಳೆಲ್ಲ ಸೇರಿ 2,39,056 ಎಂದು ಬರೆದುಕೊಟ್ಟು, ಒಸಿ ಯಾವಾಗ ಬರುತ್ತದೆಂದು ಕೇಳಿದೆ. ಒಸಿ ಬಂದಾಗಿದೆ, ಹಾಗಾಗಿ ಜಿಎಸ್‌ಟಿಯೂ ಇಲ್ಲ ಎಂದ. ಹಾಗಿದ್ದರೆ ಈ ವಾರವೇ ರಜೆ ಹಾಕು ಎಂದು ಹೇಳಿ, ರಜೆ ಚೀಟಿಗೆ ನಾನೇ ಸಹಿ ಹಾಕಿದೆ.