ಉಪ್ಪುಗಾಳಿಯ ಊರಿನಲ್ಲಿ ಹೊಸ ಕಾರಿಗೆ ವ್ಯಾಕ್ಸ್

ಹೊಸ ಕಾರು ತಂದವರು ಮೊದಲು ಕೇಳುವುದು ಯಾವ ವ್ಯಾಕ್ಸ್ ಒಳ್ಳೆಯದು ಎಂದು. ಕಾರವಾರದ ಕೋಡಿಬಾಗದಲ್ಲಿ, ಕಡಲಿನಿಂದ ಕೂಗಳತೆಯ ದೂರದಲ್ಲಿ ಕಾರು ನಿಲ್ಲಿಸುವ ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಬಣ್ಣದ ಮೇಲೆ ದಿನವೂ ಕೂರುವ ಉಪ್ಪನ್ನು ಉಜ್ಜದೆ ತೆಗೆಯುವುದು ಹೇಗೆ ಎಂಬ ಪ್ರಶ್ನೆ. ವ್ಯಾಕ್ಸಿನಿಂದ ಬರುವ ಹೊಳಪು ನನಗೂ ಇಷ್ಟವೇ. ಆದರೆ ನಮ್ಮ ಕರಾವಳಿಯಲ್ಲಿ ಅದರ ನಿಜವಾದ ಉಪಕಾರವೆಂದರೆ ಉಪ್ಪು, ಮರಳು, ಚಿರೆಕಲ್ಲಿನ ಕೆಂಪು ಧೂಳು ಯಾವುದೂ ಬಣ್ಣಕ್ಕೆ ಗಟ್ಟಿಯಾಗಿ ಅಂಟದೆ, ನೀರು ಹಾಯಿಸಿದಾಗಲೇ ಬಹುಪಾಲು ಇಳಿದುಹೋಗುವಂತೆ ಮಾಡುವುದು.

ಇಂದಿನ ಕಾರಿನ ಬಣ್ಣ ಹಲವು ಪದರಗಳದ್ದು. ತಗಡಿನ ಮೇಲೆ ವಿದ್ಯುತ್ತಿನ ಸಹಾಯದಿಂದ ಹಿಡಿಸಿದ ತುಕ್ಕುನಿರೋಧಕ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ ಕೊಡುವ ಬೇಸ್ ಕೋಟ್, ಎಲ್ಲದರ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತವೆ. ಎಲ್ಲ ಸೇರಿ ದಪ್ಪ ಸಾಮಾನ್ಯವಾಗಿ 100 ಮೈಕ್ರಾನಿನ ಆಸುಪಾಸು. ಅದರಲ್ಲಿ ಕ್ಲಿಯರ್ ಕೋಟಿನ ಪಾಲು 35ರಿಂದ 50 ಮೈಕ್ರಾನ್, ಅಂದರೆ ಒಂದು ತಲೆಗೂದಲಿನ ದಪ್ಪವೂ ಇಲ್ಲ. ಬಿಸಿಲು, ಗೆರೆ, ಹಕ್ಕಿಯ ಹಿಕ್ಕೆ ಎಲ್ಲವನ್ನೂ ಮೊದಲು ಎದುರಿಸುವುದು ಇದೇ ತೆಳು ಪದರ, ಮತ್ತು ಒಮ್ಮೆ ಸವೆದರೆ ಅದು ಮರಳಿ ಬೆಳೆಯುವುದಿಲ್ಲ. ಆದ್ದರಿಂದಲೇ ಹೊಸ ಕಾರಿಗೆ ‘ಪಾಲಿಶ್’ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ. ಪಾಲಿಶಿನಲ್ಲಿ ನುಣ್ಣನೆಯ ಅರೆಯುವ ಕಣಗಳಿರುತ್ತವೆ. ಅದು ಕ್ಲಿಯರ್ ಕೋಟನ್ನು ಸ್ವಲ್ಪ ಸವೆಸಿಯೇ ಗೆರೆಗಳನ್ನು ಮರೆಮಾಡುತ್ತದೆ. ಅಂಗಡಿಯಲ್ಲಿ ‘ವ್ಯಾಕ್ಸ್ ಪಾಲಿಶ್’ ಎಂದು ಒಟ್ಟಾಗಿ ಮಾರುವ ಡಬ್ಬಿಗಳ ಹಿಂಬದಿಯನ್ನು ಓದಿ, ಅರೆಯುವ ಅಂಶವಿಲ್ಲದ್ದನ್ನೇ ಆರಿಸಿಕೊಳ್ಳಬೇಕು.

ಉಪ್ಪಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕಾದದ್ದು. ಅಡುಗೆ ಉಪ್ಪು ಗಾಳಿಯ ಸಾಪೇಕ್ಷ ಆರ್ದ್ರತೆ 75 ಶೇಕಡಾ ದಾಟಿದರೆ ತಾನಾಗಿ ನೀರು ಹೀರಿ ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಅದರ ಅರ್ಧದಷ್ಟು ಆರ್ದ್ರತೆಯೂ ಬೇಡ. ಹೀಗಾಗಿ ಮಳೆ ಬಾರದ ದಿನವೂ ಕಡಲ ಬದಿಯ ಕಾರಿನ ಮೈ ಒಣಗಿದಂತೆ ಕಂಡರೂ ನಿಜವಾಗಿ ಒಣಗಿರುವುದಿಲ್ಲ, ಕಲ್ಲು ತಗುಲಿ ಬಣ್ಣ ಹಾರಿದ ಒಂದು ಚುಕ್ಕೆಯಿದ್ದರೂ ಅಲ್ಲಿ ತುಕ್ಕಿಗೆ ಬೇಕಾದ ತೇವ ಸದಾ ಸಿದ್ಧವಾಗಿರುತ್ತದೆ. ಚಳಿಗಾಲದಲ್ಲಿ ಘಟ್ಟದ ಕಡೆಯಿಂದ ಒಣಗಾಳಿ ಬೀಸಿದಾಗ ಅದೇ ಉಪ್ಪು ಹರಳುಗಟ್ಟುತ್ತದೆ. ಬೆಳಿಗ್ಗೆ ಒಣಬಟ್ಟೆ ಹಿಡಿದು ಕಾರು ಒರೆಸುವ ರೂಢಿ ನಮ್ಮಲ್ಲಿ ಎಲ್ಲ ಕಡೆ ಇದೆ; ಕರಾವಳಿಯಲ್ಲಿ ಬಣ್ಣಕ್ಕೆ ಇದರಷ್ಟು ಹಾನಿ ಮಾಡುವ ಬೇರೊಂದು ಕೆಲಸವನ್ನು ನಾನು ಕಂಡಿಲ್ಲ. ಉಪ್ಪಿನ ಹರಳೂ ಮರಳೂ ಸೇರಿ ಕೆಲವೇ ತಿಂಗಳಲ್ಲಿ ಬಾನೆಟ್ಟಿನ ತುಂಬ ಜೇಡರಬಲೆಯಂಥ ಸುತ್ತುಗೆರೆಗಳನ್ನು ಮೂಡಿಸುತ್ತವೆ, ಕಡುಬಣ್ಣದ ಕಾರಿನಲ್ಲಂತೂ ಸಂಜೆಯ ಓರೆಬಿಸಿಲಿಗೆ ಅವು ಎದ್ದು ಕಾಣುತ್ತವೆ.

ಕಾರು ಕೈಗೆ ಬರುವ ಮೊದಲೇ ಶೋರೂಮಿನವರಿಗೆ ನಾನು ಹೇಳಿದ ಮಾತು ಒಂದೇ: ತೊಳೆಯಬೇಡಿ, ಒರೆಸಬೇಡಿ, ಧೂಳಿದ್ದರೂ ಹಾಗೆಯೇ ಕೊಡಿ. ಒಂದೇ ಬಟ್ಟೆಯಲ್ಲಿ ಹತ್ತು ಕಾರು ಒರೆಸುವ ಕಡೆ ಹೊಸ ಬಣ್ಣಕ್ಕೆ ಮೊದಲ ಗೆರೆ ಬೀಳುತ್ತದೆ. ಹೊಸ ಕಾರಿಗೆ ಮೂರು ತಿಂಗಳು ವ್ಯಾಕ್ಸ್ ಹಚ್ಚಬಾರದೆಂದು ಬಹಳ ಮಂದಿ ನಂಬಿದ್ದಾರೆ. ಅದು ಗ್ಯಾರೇಜಿನಲ್ಲಿ ಮತ್ತೆ ಬಣ್ಣ ಹೊಡೆಸಿದ ಕಾರಿಗೆ ಸಲ್ಲುವ ಮಾತು, ಏಕೆಂದರೆ ಆ ಬಣ್ಣದ ದ್ರಾವಕ ಪೂರ್ತಿ ಆರಿಹೋಗಲು ವಾರಗಳು ಬೇಕು. ಕಾರ್ಖಾನೆಯಲ್ಲಿ ಬಣ್ಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯಲ್ಲಿ ಬೇಯಿಸಿಯೇ ಹೊರಗೆ ಬಿಡುವುದರಿಂದ ಮನೆಗೆ ತಂದ ವಾರವೇ ಕೆಲಸ ಶುರುಮಾಡಬಹುದು.

ತೊಳೆಯುವುದಕ್ಕೆ ಎರಡು ಬಕೆಟ್ ಬೇಕು: ಒಂದರಲ್ಲಿ ಕಾರಿನ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಕೈಗವಸನ್ನು ಜಾಲಾಡಿಸಲು ಬರಿನೀರು. ಮೊದಲು ಪೈಪಿನಿಂದ ಮೇಲಿನಿಂದ ಕೆಳಕ್ಕೆ ಧಾರಾಳವಾಗಿ ನೀರು ಹಾಯಿಸಿ ಉಪ್ಪನ್ನೂ ಮರಳನ್ನೂ ಇಳಿಸಿಬಿಡಬೇಕು, ಆಮೇಲೆಯೇ ಮೈಕ್ರೋಫೈಬರ್ ಕೈಗವಸು ಮುಟ್ಟಿಸಬೇಕು. ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ದ್ರವ ಇವು ಹಚ್ಚಿದ ವ್ಯಾಕ್ಸನ್ನೇ ಕಿತ್ತು ತೆಗೆಯುತ್ತವೆ. ಕಡಲಂಚಿನ ಬಾವಿಗಳಲ್ಲಿ ಬೇಸಿಗೆಯಲ್ಲಿ ನೀರು ಉಪ್ಪಾಗುವುದುಂಟು. ಅಂಥ ನೀರಿನಲ್ಲಿ ತೊಳೆದರೆ ತೊಳೆದ ಪ್ರಯೋಜನವೇ ಇಲ್ಲ, ಕೊನೆಯ ಸಲ ಜಾಲಾಡಿಸಲಾದರೂ ಸಿಹಿನೀರು ಬೇಕು. ನೀರನ್ನು ಬಿಸಿಲಿನಲ್ಲಿ ಆರಲು ಬಿಡದೆ, ದಪ್ಪನೆಯ ಮೈಕ್ರೋಫೈಬರ್ ಬಟ್ಟೆಯನ್ನು ಹಾಸಿ ಒತ್ತಿ ತೆಗೆಯುತ್ತೇನೆ.

ತೊಳೆದ ಮೇಲೆ ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಬಾನೆಟ್ ಸವರಿದರೆ ಕಣ್ಣಿಗೆ ಕಾಣದ ತರಿ ಬೆರಳಿಗೆ ಸಿಗುತ್ತದೆ. ಹೊಸ ಕಾರಿನಲ್ಲೂ ಇದು ಇರುತ್ತದೆ, ಕಾರ್ಖಾನೆಯಿಂದ ಊರು ತಲುಪುವಷ್ಟರಲ್ಲಿ ಕಬ್ಬಿಣದ ಪುಡಿಯೂ ಧೂಳೂ ಬಣ್ಣಕ್ಕೆ ಕಚ್ಚಿಕೊಂಡಿರುತ್ತವೆ. ತರಿ ಇದ್ದಲ್ಲಿ ಮಾತ್ರ, ಶಾಂಪೂ ನೀರು ಚಿಮುಕಿಸಿ, ಕ್ಲೇ ಬಾರನ್ನು, ಅಂದರೆ ತರಿಯನ್ನು ಎತ್ತಿಕೊಳ್ಳುವ ಜೇಡಿಯಂಥ ಮೆತ್ತನೆಯ ಮುದ್ದೆಯನ್ನು, ಒತ್ತಡವಿಲ್ಲದೆ ನೇರ ಗೆರೆಯಲ್ಲಿ ಆಡಿಸಬೇಕು. ನೆಲಕ್ಕೆ ಬಿದ್ದ ಕ್ಲೇ ತುಂಡನ್ನು ಎಸೆಯಬೇಕೇ ಹೊರತು ಒರೆಸಿ ಮತ್ತೆ ಬಳಸಬಾರದು.

ವ್ಯಾಕ್ಸಿನಲ್ಲಿ ಎರಡು ಬಗೆ. ಬ್ರೆಜಿಲ್ ದೇಶದ ಒಂದು ಜಾತಿಯ ತಾಳೆಯ ಎಲೆಯಿಂದ ಸಿಗುವ ಕಾರ್ನೌಬಾ ಮೇಣ ಒಂದು. ಕೃತಕ ಪಾಲಿಮರಿನಿಂದ ಮಾಡಿದ ಪೇಂಟ್ ಸೀಲೆಂಟ್ ಇನ್ನೊಂದು. ಕಾರ್ನೌಬಾ ಕರಗುವುದು 82ರಿಂದ 86 ಡಿಗ್ರಿಯಲ್ಲಿ, ಮೇಣಗಳಲ್ಲಿ ಇದು ಗಟ್ಟಿಯಾದದ್ದೇ. ಆದರೂ ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಬಾನೆಟ್ ಮತ್ತು ಮಾಡಿನ ಮೇಲೆ ಹೆಚ್ಚು ಕಾಲ ನಿಲ್ಲುವುದಿಲ್ಲ. ಆದ್ದರಿಂದ ನಾನು ಅಡಿಯಲ್ಲಿ ಸೀಲೆಂಟ್ ಹಚ್ಚಿ, ಅದು ಪೂರ್ತಿ ಬಿಗಿದ ಮೇಲೆ, ಬೇಕೆನಿಸಿದಾಗ ಮೇಲಿನಿಂದ ಕಾರ್ನೌಬಾ ಹಚ್ಚುತ್ತೇನೆ. ನೆರಳಿನಲ್ಲಿ, ತಗಡು ಕೈಗೆ ತಣ್ಣಗಿರುವಾಗ, ಒಂದೊಂದು ಭಾಗಕ್ಕೆ ನಾಣ್ಯದಷ್ಟು ಮಾತ್ರ ತೆಗೆದುಕೊಂಡು, ಸ್ಪಂಜಿನಿಂದ ಕಂಡೂ ಕಾಣದಷ್ಟು ತೆಳುವಾಗಿ ಹರಡಬೇಕು. ದಪ್ಪ ಹಚ್ಚಿದರೆ ರಕ್ಷಣೆ ಹೆಚ್ಚುವುದಿಲ್ಲ, ಒರೆಸುವ ಶ್ರಮವಷ್ಟೇ ಹೆಚ್ಚುತ್ತದೆ. ನಮ್ಮ ಸೆಕೆಯ ಹವೆಯಲ್ಲಿ ಅದು ಆರಲು ಡಬ್ಬಿಯಲ್ಲಿ ಬರೆದದ್ದಕ್ಕಿಂತ ಹೆಚ್ಚು ಹೊತ್ತು ಬೇಕು. ಬೆರಳಿನಿಂದ ಎಳೆದು ನೋಡಿ, ಮಸುಕು ಪುಡಿಯಾಗಿ ಸರಿದು ಅಡಿಯ ಬಣ್ಣ ನಿಚ್ಚಳವಾಗಿ ಕಂಡರೆ ಆಗ ಒರೆಸಬೇಕು. ಕಪ್ಪು ಪ್ಲಾಸ್ಟಿಕ್ ಅಂಚುಗಳಿಗೆ ಮೊದಲೇ ಮಾಸ್ಕಿಂಗ್ ಟೇಪ್ ಅಂಟಿಸದಿದ್ದರೆ ಅಲ್ಲಿ ಬಿಳಿ ಕಲೆ ಉಳಿಯುತ್ತದೆ.

ಹೊರಮೈಗಿಂತ ಹೆಚ್ಚು ಹೊತ್ತು ನಾನು ಕಳೆಯುವುದು ಬಾಗಿಲು ತೆರೆದಾಗ ಕಾಣುವ ಅಂಚುಗಳಲ್ಲಿ. ಬಾಗಿಲಿನ ಕೆಳತುದಿ, ಡಿಕ್ಕಿ ಮುಚ್ಚಳದ ಒಳಅಂಚು, ಇಂಧನ ಮುಚ್ಚಳದ ಹಿಂಭಾಗ, ನಂಬರ್ ಪ್ಲೇಟಿನ ಹಿಂದೆ: ಉಪ್ಪು ಸೇರಿ ಹೊರಬರದ ಜಾಗಗಳು ಇವೇ, ತಗಡು ಮಡಚಿದ ಅಂಚಿನಲ್ಲಿ ಬಣ್ಣವೂ ತೆಳುವಾಗಿರುತ್ತದೆ. ಬಾಗಿಲಿನ ಅಡಿಯಲ್ಲಿ ನೀರು ಬಸಿಯಲು ಬಿಟ್ಟ ಸಣ್ಣ ತೂತುಗಳಿಗೆ ವ್ಯಾಕ್ಸ್ ಕಟ್ಟಿಕೊಳ್ಳದಂತೆ ನೋಡಿಕೊಳ್ಳಬೇಕು. ಕಡಲಂಚಿನ ಗಾಳಿಮರಗಳ ಅಡಿಯಲ್ಲಿ ನಿಲ್ಲಿಸಿದ ಕಾರಿನಲ್ಲಿ ಮುಂಗಾಜಿನ ಬುಡದ ಜಾಲರಿಯೊಳಗೆ ಸೂಜಿ ಎಲೆಗಳು ತುಂಬಿ ನೀರು ಕಟ್ಟುತ್ತದೆ, ಅದನ್ನೂ ಆಗಾಗ ಕೈಯಿಂದ ತೆಗೆಯುತ್ತೇನೆ.

ಬಣ್ಣದ ಮೇಲೆ ಹಚ್ಚಿದಾಗ ಗಟ್ಟಿಯಾಗಿ ಕೂರುವ ದ್ರವ ಲೇಪವಾದ ಸೆರಾಮಿಕ್ ಕೋಟಿಂಗಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದು ವ್ಯಾಕ್ಸಿಗಿಂತ ಬಹುಕಾಲ ಬಾಳುತ್ತದೆ, ಆದರೆ ತೊಳೆಯುವ ಕೆಲಸವನ್ನು ತಪ್ಪಿಸುವುದಿಲ್ಲ, ಅರಬೈಲ್ ಘಟ್ಟದಲ್ಲಿ ಲಾರಿಯ ಹಿಂದೆ ಹೋಗುವಾಗ ಹಾರುವ ಕಲ್ಲನ್ನೂ ತಡೆಯುವುದಿಲ್ಲ. ಕಲ್ಲಿನ ಏಟಿಗೆ ತಡೆಯಾಗಿ ಇರುವುದು ಬಣ್ಣದ ಮೇಲೆ ಅಂಟಿಸುವ ದಪ್ಪ ಪಾಲಿಯುರೆಥೇನ್ ಹಾಳೆ ಮಾತ್ರ. ಶಿರಸಿಯ ಕಡೆಯ ನೆಂಟರಿಗೆ ಉಪ್ಪಿನ ಕಾಟವಿಲ್ಲ. ಅಲ್ಲಿ ಮಳೆಗಾಲದಲ್ಲಿ ಗಾಜಿನ ರಬ್ಬರಿನ ಸಂದಿಯಲ್ಲಿ ಹಾವಸೆ ಕಟ್ಟುತ್ತದೆ, ಮೃದುವಾದ ಬ್ರಷ್ ಸಾಕು.

ಹಕ್ಕಿ, ಬಾವಲಿಗಳ ಹಿಕ್ಕೆ ಬಿಸಿಲೇರುವ ಮೊದಲೇ ಹೋಗಬೇಕು. ಅದರ ಆಮ್ಲ ಕಾದ ಕ್ಲಿಯರ್ ಕೋಟಿನಲ್ಲಿ ಅಚ್ಚು ಬಿಡುತ್ತದೆ. ಒದ್ದೆ ಬಟ್ಟೆಯನ್ನು ಸ್ವಲ್ಪ ಹೊತ್ತು ಅದರ ಮೇಲೆ ಹೊದಿಸಿ ನೆನೆಸಿ, ಎತ್ತಿ ತೆಗೆಯುತ್ತೇನೆ.

ವರ್ಷಕ್ಕೆ ಎರಡು ಹೊತ್ತು ನನಗೆ ಮುಖ್ಯ: ಮೃಗಶಿರಾ ಮಳೆ ಹಿಡಿಯುವ ಮೊದಲು ಮೇ ತಿಂಗಳಲ್ಲಿ ಒಮ್ಮೆ, ಮಳೆ ಬಿಟ್ಟ ಮೇಲೆ ದೀಪಾವಳಿಯ ಸುಮಾರಿಗೆ ಇನ್ನೊಮ್ಮೆ. ನಡುವಿನ ಮಳೆಗಾಲದಲ್ಲಿ ವ್ಯಾಕ್ಸ್ ಆರುವುದಿಲ್ಲವಾದ್ದರಿಂದ ಹಚ್ಚುವ ಗೋಜಿಗೆ ಹೋಗದೆ, ಮಳೆ ಮೈಮೇಲಿನದನ್ನು ತೊಳೆದರೂ ಚಕ್ರದ ಗೂಡಿನ ಕೆಸರು ಹಾಗೇ ಉಳಿಯುವುದರಿಂದ ಅಲ್ಲಿಗೆ ಮಾತ್ರ ಪೈಪು ಹಿಡಿಯುತ್ತೇನೆ. ಪ್ಲಾಸ್ಟಿಕ್ ಹೊದಿಕೆ ಎಂದೂ ಹಾಕುವುದಿಲ್ಲ, ಅದು ತೇವವನ್ನು ಒಳಗೇ ಹಿಡಿದಿಡುತ್ತದೆ. ದೀಪಾವಳಿಯ ಸರದಿಯಲ್ಲಿ ಮೊದಲು ಬಾನೆಟ್ಟಿನ ಮುಂಚೂಣಿಯನ್ನು ಹಗಲು ಬೆಳಕಿನಲ್ಲಿ ಹುಡುಕಿ, ಕಲ್ಲು ತಗುಲಿದ ಚುಕ್ಕೆಗಳಿಗೆ ಕಂಪನಿಯ ಬಣ್ಣದ ಸಂಖ್ಯೆಗೆ ಹೊಂದುವ ಟಚ್-ಅಪ್ ಪೇಂಟ್ ಇಡುತ್ತೇನೆ. ವ್ಯಾಕ್ಸ್ ಮೇಲೆ ಬಣ್ಣ ಹಿಡಿಯುವುದಿಲ್ಲವಾದ್ದರಿಂದ ಆ ಚುಕ್ಕೆಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿಕೊಂಡು, ಬಣ್ಣ ಪೂರ್ತಿ ಆರಿದ ಮೇಲೆ ಕೆಲವು ವಾರ ಬಿಟ್ಟು ಅಷ್ಟು ಜಾಗಕ್ಕೆ ಮಾತ್ರ ಬೇರೆಯಾಗಿ ವ್ಯಾಕ್ಸ್ ಹಚ್ಚುತ್ತೇನೆ.